ಗಂಜಿ ಹಾಕಿದ ಬಟ್ಟೆ, ಕಪ್ಪು ಬಾನೆಟ್ಟು

ಕಪ್ಪು ಕಾರು ಕಂಡರೆ ನನಗೆ ಈಗಲೂ ಸುಮ್ಮನೆ ಹೋಗಲು ಆಗುವುದಿಲ್ಲ. ಮೆಟ್ರೋ ನಿಲ್ದಾಣದ ಕೆಳಗೆ ಯಾರದೋ ಗಾಡಿ ನಿಂತಿದ್ದರೂ ಸರಿ, ಬಾಗಿ ಬಾನೆಟ್ಟಿನ ಮೇಲೆ ಬಿಸಿಲು ಹೇಗೆ ಬಿದ್ದಿದೆ ಎಂದು ನೋಡುತ್ತೇನೆ. "ಅಮ್ಮಾ, ಬಾ ಇತ್ಲಾಗೆ, ಜನ ಕಳ್ಳಿ ಅಂದ್ಕೊಂತಾರೆ" ಎಂದು ಮಗಳು ಸೆರಗು ಎಳೆಯುತ್ತಾಳೆ. ಅಂದುಕೊಳ್ಳಲಿ ಬಿಡಿ, ನನಗೇನು! ಈ ಚಟ ಅಂಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ.

ಅದಕ್ಕೂ ಮೊದಲು ನಾನು ಗಾರ್ಮೆಂಟ್ಸಿನ ಇಸ್ತ್ರಿ ವಿಭಾಗದವಳು. ಆ ಫ್ಯಾಕ್ಟರಿ ಬಾಗಿಲು ಹಾಕಿತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮೂರು ತಿಂಗಳು ಚಿಕ್ಕಬಾಣಾವರದಿಂದ ದಿನಾ ಬಂದು ಗೇಟು ಗೇಟಿಗೂ ಅಲೆದ ಮೇಲೆ, ಕಾರುಗಳಿಗೆ ಪಾಲಿಶ್ ಹಾಕುವ ಶೆಡ್ಡಿನಲ್ಲಿ ಬಟ್ಟೆ ಒಗೆದು ಗಾಡಿ ಒರೆಸುವ ಕೆಲಸ ಸಿಕ್ಕಿತು. ತಮ್ಮ ತಾತ ರಾಗಿ ಬೆಳೆದ ಹೊಲದಲ್ಲೇ ಶೆಡ್ಡು ಕಟ್ಟಿಸಿದ್ದ ಯಜಮಾನರು, "ಒಂದ್ ತಿಂಗ್ಳು ನೋಡ್ತೀನಿ ಕಣಮ್ಮ. ಸರಿಹೋದ್ರೆ ಇರು, ಇಲ್ದಿದ್ರೆ ಇಲ್ಲ" ಎಂದಿದ್ದರು.

ಪಾಲಿಶ್ ಹಾಕುವ ಮೇಸ್ತ್ರಿ ವಿಜಯಪುರದ ಕಡೆಯವರು. ಬಿಳಿ ಮೀಸೆ, ಮೂಗಿನ ತುದಿಯಲ್ಲೇ ಸಿಟ್ಟು. ಅಬ್ಬಾ, ಆ ಬಾಯಿ! ಬೆಳಿಗ್ಗೆ ಬೈಗುಳ ಶುರುವಾದರೆ ಚಹಾ ಬರುವ ತನಕ ನಿಲ್ಲುತ್ತಿರಲಿಲ್ಲ. ಆದರೆ ಕಪ್ಪು ಗಾಡಿಗಳಿಗೆ ಪಾಲಿಶ್ ಮಷೀನು ಹಿಡಿಯುವ ಹಕ್ಕು ಅವರೊಬ್ಬರದೇ. ಕಪ್ಪಿನ ಮೇಲೆ ಕೂದಲೆಳೆಯಷ್ಟು ಗೀರೂ ಎದ್ದು ಕಾಣುತ್ತದೆ. "ಬಣ್ಣದ ಮ್ಯಾಲಿನ ಪದರ ಭಾಳ ತೆಳ್ಳಗ ಇರ್ತೈತಿ. ಉಜ್ಜಿದಷ್ಟೂ ಸವೀತೈತಿ. ಕೂಸಿನ ಗಲ್ಲ ಒರಸಿದಂಗ ಒರಸಬೇಕು" ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ಎರಡನೆಯ ವಾರ ಶೆಡ್ಡಿನ ನಲ್ಲಿಯಲ್ಲಿ ನೀರು ಬರುವುದು ನಿಂತಿತು. ಒರೆಸುವ ಬಟ್ಟೆಗಳನ್ನು ಮನೆಗೆ ಒಯ್ದು ಒಗೆದೆ. ಒಣಗಿದರೂ ಅವು ಜೋಲು ಮೋರೆ ಹಾಕಿಕೊಂಡೇ ಇದ್ದವು. ಇಸ್ತ್ರಿ ವಿಭಾಗದವಳ ಕಣ್ಣು ಅದನ್ನು ಸಹಿಸೀತೇ? ಅನ್ನ ಬಸಿದ ಗಂಜಿ ಇತ್ತು. ಅದನ್ನು ತೆಳ್ಳಗೆ ಮಾಡಿ, ಬಟ್ಟೆ ಅದ್ದಿ ಹಿಂಡಿ, ಟೆರೇಸಿನ ಮೇಲೆ ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿದೆ. ಹಪ್ಪಳದ ಹಾಗೆ ಗರಿಗರಿಯಾಗಿದ್ದವು. ಶಹಭಾಸ್ ಅನ್ನುತ್ತಾರೆಂದು ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ, ಪೆದ್ದಿ.

ಅಂದು ಸಂಜೆ ಒಂದು ಕಪ್ಪು ಕಾರು ಮದುವೆಗೆ ಹೋಗಬೇಕಿತ್ತು. ಮೇಸ್ತ್ರಿ ಬೆಳಗಿನಿಂದ ಮಷೀನು ಹಿಡಿದು ಪಾಲಿಶ್ ಮುಗಿಸಿದರು. ನಾನು ಆ ಬಟ್ಟೆಗಳಿಂದಲೇ ಗಾಡಿ ಪೂರ್ತಿ ಒರೆಸಿದೆ. ಅವರು ಸುತ್ತ ಒಂದು ಸಲ ನೋಡಿ, "ಆತು, ಹೊರಗ ತಗೀರಿ" ಎಂದರು. ಗಾಡಿ ಬಿಸಿಲಿಗೆ ಬಂತು. ಬಾನೆಟ್ಟಿನ ತುಂಬ ಸುತ್ತು ಸುತ್ತು ಗೀರು, ಜೇಡ ಬಲೆ ನೇಯ್ದ ಹಾಗೆ.

"ಮೇಸ್ತ್ರೀ, ಗೀರು!" ಎಂದು ಚೀರಿದೆ.

ಅವರು ನನ್ನ ಕೈಯಿಂದ ಬಟ್ಟೆ ಕಸಿದು, ಬೆರಳಲ್ಲಿ ತಿಕ್ಕಿ ಮೂಸಿದರು. "ಏನವಾ ಇದು? ಗಂಜಿ ಹಚ್ಚೀಯೇನ? ಕಾರಿಗೆ ಸೀರಿ ಉಡಸಾಕ ಹೊಂಟೀಯೇನ?"

ನಾನು ಗೊಳೋ ಎಂದು ಅತ್ತೆ. ಗಲಾಟೆ ಕೇಳಿ ಯಜಮಾನರು ಬಂದರು. "ಯಾರ್ ಮಾಡಿದ್ದು ಇದು?" ತಿಂಗಳು ಇನ್ನೂ ತುಂಬಿರಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಯಿತು ಎಂದೇ ಲೆಕ್ಕ.

"ನಂದ ತಪ್ಪು, ಸಾಹೇಬ್ರ" ಎಂದರು ಮೇಸ್ತ್ರಿ.

"ಕಣ್ ಕಾಣಲ್ವೇನ್ರೀ? ಇದೊಂದ್ ಸರಿ ಮಾಡ್ಕೊಟ್ಬಿಡಿ. ನಾಳೆಯಿಂದ ಕಪ್ ಗಾಡಿ ಮುಟ್ಬೇಡಿ."

ನಾನು ತುಟಿ ಪಿಟಕ್ಕೆನ್ನಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಗಾಡಿ ಮತ್ತೆ ಒಳಗೆ ಬಂತು. ಮೇಸ್ತ್ರಿ ನನ್ನ ಕೈಗೆ ಟಾರ್ಚು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡರು. "ಎಲ್ಲಿ ಐತಿ ತೋರಸು. ಒಂದೊಂದ ತೋರಸು." ಒಂದೊಂದು ಗೀರಿನ ಮೇಲೂ ಬೆರಳಿಟ್ಟು ತೋರಿಸಿದೆ, ಅವರು ಅಲ್ಲಿಗೇ ಮಷೀನು ತಂದರು. ಇದು ನನಗೆ ಕೊಟ್ಟ ಶಿಕ್ಷೆ, ತಪ್ಪನ್ನು ಮುಟ್ಟಿಸಿ ಮುಟ್ಟಿಸಿ ತೋರಿಸುತ್ತಿದ್ದಾರೆ ಎಂದುಕೊಂಡೆ. ಹೊತ್ತು ಇಳಿಯುವ ಮೊದಲೇ ಬಾನೆಟ್ಟಿನಲ್ಲಿ ನನ್ನ ಊದಿದ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಮದುವೆಯವರು ಖುಷಿಯಾಗಿ ಗಾಡಿ ಒಯ್ದರು.

ಮರುದಿನದಿಂದ ಮೇಸ್ತ್ರಿ ಬಕೆಟ್ಟು, ಪೈಪು ಹಿಡಿದು ಕಂಪನಿ ಕ್ಯಾಬುಗಳನ್ನು ತೊಳೆಯತೊಡಗಿದರು. ಬೈಗುಳವೂ ನಿಂತಿತು. ಆ ಮೌನವೇ ನನ್ನನ್ನು ತಿಂದುಹಾಕಿತು. ವಾರ ಕಳೆದ ಮೇಲೆ ಊಟದ ಹೊತ್ತಿನಲ್ಲಿ ಹತ್ತಿರ ಹೋಗಿ ಕೂತೆ. "ಯಜಮಾನ್ರಿಗೆ ಎಲ್ಲಾ ಹೇಳ್ಬಿಡ್ತೀನಿ. ನನ್ ಕೆಲ್ಸ ಹೋದ್ರೆ ಹೋಗ್ಲಿ."

ಮೇಸ್ತ್ರಿ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು. "ಬ್ಯಾಡವಾ. ಅವ್ರು ಅಂದಿದ್ದು ಖರೇನ ಐತಿ. ಬಿಸಿಲಾಗ ನೀ ಚೀರಿದಿಯಲ್ಲ, ನನಗ ಒಂದೂ ಗೀರು ಕಾಣಲಿಲ್ಲ. ವರ್ಷಾತು, ಕೈ ಅಂದಾಜಿನ ಮ್ಯಾಲೆ ನಡಸೀನಿ."

ಅಂದು ಟಾರ್ಚು ನನ್ನ ಕೈಗೆ ಕೊಟ್ಟದ್ದು ಯಾಕೆಂದು ಆಗ ತಿಳಿಯಿತು. ಅವರ ಮುಖ ನೋಡಲು ಧೈರ್ಯ ಬರಲಿಲ್ಲ.

ಮರುದಿನ ಯಜಮಾನರ ಹತ್ತಿರ ಹೋಗಿ, ಗಂಜಿ ಹಾಕಿದವಳು ನಾನೇ ಎಂದು ಹೇಳಿದೆ. ಕಣ್ಣಿನ ಸುದ್ದಿ ಎತ್ತಲಿಲ್ಲ. "ಮೇಸ್ತ್ರಿ ಮಷೀನ್ ಹಿಡೀಲಿ ಸಾರ್, ಪಕ್ಕದಲ್ಲಿ ನಿಂತು ನಾನು ಕಲ್ತ್ಕೊಂತೀನಿ" ಎಂದು ಬೇಡಿದೆ. ಯಜಮಾನರು ಚೆನ್ನಾಗಿ ಬೈದರು, ಆಮೇಲೆ ಒಪ್ಪಿದರು.

ಆರು ವರ್ಷ ಹಾಗೆಯೇ ನಿಂತೆ. ಬೈಗುಳ ಮತ್ತೆ ಶುರುವಾಯಿತು, ನನಗೆ ಜೀವ ಬಂದಂತಾಯಿತು. ನಾನು ನೋಡುತ್ತಿದ್ದೆ, ಅವರು ಉಜ್ಜುತ್ತಿದ್ದರು. ಕೊನೆಯ ವರ್ಷ ನಾನೇ ಅವರ ಕೈ ಹಿಡಿದು ಬಾನೆಟ್ಟಿನ ಅಂಚಿಗೆ ಮುಟ್ಟಿಸುತ್ತಿದ್ದೆ.