ವಾರಕ್ಕೊಂದು ಇಂಜೆಕ್ಷನ್, ವಾರದಲ್ಲಿ ಎರಡು ಉಪವಾಸ

ಕಳೆದ ವರ್ಷದ ಚಳಿಗಾಲ. ತೂಕ ಇಳಿಸಲೆಂದು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಶುರುಮಾಡಿ ನನಗೆ ಒಂದು ತಿಂಗಳಾಗಿತ್ತು. ಲಿವರಿನಲ್ಲಿ ಕೊಬ್ಬು, ರಕ್ತದಲ್ಲಿ ಏರುತ್ತಿದ್ದ ಸಕ್ಕರೆ. ಈ ಸಲ ಅರ್ಧಕ್ಕೆ ಬಿಡುವುದಿಲ್ಲ ಎಂದು ಹಟ ತೊಟ್ಟಿದ್ದೆ.

ನಮ್ಮೂರು ಧಾರವಾಡ, ಈಗಿರುವುದು ವಡೋದರಾದ ಮಂಜಲ್‌ಪುರದಲ್ಲಿ. ರಸಾಯನಶಾಸ್ತ್ರ ಓದಿ ಇಲ್ಲಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೇನೆ. ಯಾರಾದರೂ "ಸರಿಯಾಗಿದೆ" ಅಂದರೆ "ತೋರಿಸಿ" ಅನ್ನುವುದೇ ನನ್ನ ಕೆಲಸ. ದೇವರಿಗೂ ನಾನು ಅದನ್ನೇ ಹೇಳುತ್ತೇನೆಂದು ಅಮ್ಮನಿಗೆ ಸಿಟ್ಟು.

ಸಣ್ಣ ಡೋಸಿನಿಂದ ಶುರು, ದೇಹ ಒಗ್ಗಿದ ಮೇಲಷ್ಟೇ ಏರಿಕೆ, ವಾರದಲ್ಲಿ ಒಂದೇ ದಿನ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾನು ಶನಿವಾರ ಆರಿಸಿಕೊಂಡೆ. ಅಮ್ಮನಿಗೂ ನನ್ನ ಹೆಂಡತಿ ವಿದ್ಯಾಳಿಗೂ ಅಂದು ಒಪ್ಪತ್ತು. ಸಂಜೆ ಸಾಬೂದಾಣಿ ಖಿಚಡಿ. ಅಡುಗೆಮನೆಯಿಂದ ಶೇಂಗಾ ಹುರಿಯುವ ವಾಸನೆ, ದೇವರ ಮುಂದೆ ಅಮ್ಮನ ಸ್ತೋತ್ರ. ಅವೆರಡೂ ಕೂಡಿದರೆ ನನ್ನ ಕೈ ತಾನಾಗಿ ಇಂಜೆಕ್ಷನ್ ಇಟ್ಟಿದ್ದ ಫ್ರಿಜ್ಜಿಗೆ ಹೋಗುತ್ತಿತ್ತು. ಮೊಬೈಲಿನಲ್ಲಿ ಅಲಾರಾಂ ಇಡಿ ಎಂದು ವಿದ್ಯಾ ಹೇಳಿದಾಗ ನಕ್ಕುಬಿಟ್ಟಿದ್ದೆ.

ಎರಡನೇ ತಿಂಗಳು ಡೋಸ್ ಏರಿತು. ಹೊಸ ಪೆನ್ ಬಂತು. ಒಂದು ಪೆನ್ನಿನಲ್ಲಿ ನಾಲ್ಕು ವಾರಕ್ಕಾಗುವಷ್ಟು ಔಷಧ. ಡಯಲ್ ತಿರುಗಿಸಿ, ಸೂಜಿ ಚುಚ್ಚಿ, ಗುಂಡಿ ಒತ್ತಬೇಕು. ಮೊದಲ ಶನಿವಾರ ಸುಸೂತ್ರವಾಗಿ ಮುಗಿಯಿತು. ಮುಂದಿನ ಶನಿವಾರ ಸಂಜೆ ಹೊಸ ಸೂಜಿ ಕೂರಿಸುತ್ತಿದ್ದವನ ಕೈ ನಿಂತಿತು. ಇದೇ ಕುರ್ಚಿಯಲ್ಲಿ, ಇದೇ ವಾಸನೆಯ ನಡುವೆ, ಮೊನ್ನೆಯಷ್ಟೇ ಚುಚ್ಚಿಕೊಂಡಿದ್ದೆನಲ್ಲ?

ಆ ಗುರುವಾರ ಏಕಾದಶಿ. ಅಂದೂ ಖಿಚಡಿ, ಅಂದೂ ಸ್ತೋತ್ರ. ಶುಕ್ರವಾರವಿಡೀ ನನಗೆ ಹೊಟ್ಟೆ ತೊಳಸುತ್ತಿತ್ತು. ಡೋಸ್ ಏರಿದ್ದಕ್ಕೆ ಹಾಗಾಯಿತು ಎಂದುಕೊಂಡಿದ್ದೆ. ಗುರುವಾರವೂ ಚುಚ್ಚಿಕೊಂಡಿದ್ದರೆ? ಅಥವಾ ನನಗೆ ನೆನಪಾಗುತ್ತಿರುವುದು ಹಿಂದಿನ ಶನಿವಾರವೇ ಆಗಿದ್ದರೆ? ಮರುದಿನ ಬೆಳಿಗ್ಗೆ ಉಧ್ನಾಕ್ಕೆ ರೈಲು, ನಾಲ್ಕಾರು ದಿನ ಅಲ್ಲಿಯ ಘಟಕದಲ್ಲಿ ಕೆಲಸ. ಈಗಲೇ ನಿರ್ಧಾರವಾಗಬೇಕಿತ್ತು.

ಸೂಜಿ ಎಣಿಸೋಣವೆಂದು ಹಳೇ ಸೂಜಿಗಳ ಡಬ್ಬಿ ತೆಗೆದೆ. ಅಮ್ಮ ದಿನಾ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಅವಳ ಸೂಜಿಗಳೂ ಅದರಲ್ಲೇ. ಪೆನ್ನನ್ನು ಬೆಳಕಿಗೆ ಹಿಡಿದೆ. ಔಷಧ ಸ್ವಲ್ಪ ಕಡಿಮೆ ಅನ್ನಿಸಿತು. ಅನಿಸಿಕೆಯನ್ನು ಲ್ಯಾಬಿನಲ್ಲಿ ನಾನೇ ಒಪ್ಪುವುದಿಲ್ಲ.

"ಏನ ಹುಡುಕ್ಲಿಕ್ಕತ್ತೀಯೋ?" ಎಂದಳು ಅಮ್ಮ. ಹೇಳಿದೆ.

"ನಾ ದಿನಾ ಚುಚ್ಚಿಕೋತೀನಿ. ನಿನಗ ವಾರಕ್ಕೊಂದು ನೆನಪಿರಂಗಿಲ್ಲೇನು?"

"ಚುಚ್ಚಿಕೊಂಡದ್ದು ನೆನಪದ ಅಮ್ಮಾ. ನೀನು ಸ್ತೋತ್ರ ಹೇಳಾಕತ್ತಿದ್ದಿ. ಯಾವ ದಿನ ಅನ್ನೋದು ತಿಳೀವಲ್ದು."

"ಅಷ್ಟs ಅಲ್ಲೇನು? ಶನಿವಾರ ಹನುಮಪ್ಪಂದು ಹೇಳ್ತೀನಿ, ಏಕಾದಶಿಗೆ ವಿಷ್ಣುಂದು. ಯಾವುದು ಕೇಳಿದಿ?"

ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಸ್ತೋತ್ರಗಳು. ನನಗೆ ಎರಡೂ ಒಂದೇ ಗುಂಯ್‌ಗುಡುವ ಸದ್ದು.

"ನಂಬೋದು ಬ್ಯಾಡಪಾ, ಕೇಳಿದ್ರ ಏನ ಹೋಗ್ತಿತ್ತು?" ಎಂದು ಅಮ್ಮ ನಕ್ಕಳು. ಅಡುಗೆಮನೆಯಲ್ಲಿ ವಿದ್ಯಾಳೂ ನಕ್ಕಳು.

ನನಗೆ ನಗು ಬರಲಿಲ್ಲ. ಒಂದು ವಾರ ತಪ್ಪಿದರೆ ಇಳಿದ ತೂಕವೆಲ್ಲ ಮರಳಿ ಬರುತ್ತದೆಂಬ ಭಯ. "ಚುಚ್ಚಿಕೊಂಡುಬಿಡ್ತೀನಿ, ಹೆಚ್ಚಂದ್ರ ಸ್ವಲ್ಪ ವಾಂತಿ" ಎಂದು ಡಯಲಿಗೆ ಕೈಹಾಕಿದೆ. ವಿದ್ಯಾ ಒಲೆ ಆರಿಸಿ ಬಂದು ಪೆನ್ ಕಿತ್ತುಕೊಂಡಳು. "ರೀ, ಉಧ್ನಾದಾಗ ಒಬ್ಬರs ಬಿದ್ದುಕೊಂಡ್ರ ನೀರು ಕೊಡವ್ರು ಯಾರು? ಮೊದಲು ಡಾಕ್ಟರಿಗೆ ಫೋನ್ ಮಾಡ್ರಿ."

ಡಾಕ್ಟರು ಹಿಂದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ತೆಗೆದುಕೊಂಡಿಲ್ಲ ಅನ್ನುವುದು ಖಾತ್ರಿಯೇ?"

"ಇಲ್ಲ."

"ಹಾಗಾದರೆ ಇವತ್ತು ಬೇಡ. ಈ ಔಷಧ ಒಂದೇ ದಿನಕ್ಕೆ ಮೈಯಿಂದ ಹೋಗುವಂಥದ್ದಲ್ಲ. ಒಂದು ವಾರ ತಪ್ಪಿದರೆ ದೇಹ ತಡೆದುಕೊಳ್ಳುತ್ತದೆ. ಒಂದರ ಮೇಲೊಂದು ಬಿದ್ದರೆ ಕಷ್ಟ. ಮುಂದಿನ ಶನಿವಾರ ಎಂದಿನಂತೆ ತೆಗೆದುಕೊಳ್ಳಿ. ಕುಡಿದ ನೀರೂ ನಿಲ್ಲದಂತೆ ವಾಂತಿಯಾದರೆ ಅಥವಾ ಹೊಟ್ಟೆನೋವು ಜೋರಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ."

ಚುಚ್ಚಿಕೊಳ್ಳದೆಯೇ ಉಧ್ನಾಕ್ಕೆ ಹೋದೆ. ಅಲ್ಲಿ ಎರಡು ದಿನ ಅನ್ನ ಕಂಡರೆ ಆಗುತ್ತಿರಲಿಲ್ಲ. ಮಜ್ಜಿಗೆ, ನೀರು ಗುಟುಕರಿಸುತ್ತ ಕೆಲಸ ಮುಗಿಸಿದೆ. ಆದರೂ ಸಂಶಯ ಹೋಗಲಿಲ್ಲ. ಒಂದು ಲೆಕ್ಕ ಮಾತ್ರ ಉಳಿದಿತ್ತು. ಆ ಗುರುವಾರ ಚುಚ್ಚಿಕೊಂಡಿರದಿದ್ದರೆ, ತಿಂಗಳು ಮುಗಿದಾಗ ಪೆನ್ನಿನಲ್ಲಿ ಒಂದು ಡೋಸ್ ಉಳಿಯಲೇಬೇಕು. ಉಳಿದೆರಡು ಶನಿವಾರ ಚುಚ್ಚಿಕೊಂಡು ಕಾದೆ.

ತಿಂಗಳು ಮುಗಿದ ಮೇಲಿನ ಶನಿವಾರ ಡಯಲ್ ತಿರುಗಿಸಿದೆ. ಅದು ತುಸುವೇ ತಿರುಗಿ ನಿಂತುಬಿಟ್ಟಿತು. ಪೆನ್ ಖಾಲಿ.

ಅಂದರೆ ಏಕಾದಶಿಯಂದು ಚುಚ್ಚಿಕೊಂಡಿದ್ದೆ. ಆ ಸಂಜೆ ವಿದ್ಯಾ ಪೆನ್ ಕಿತ್ತುಕೊಳ್ಳದಿದ್ದರೆ, ಒಂದು ವಾರದೊಳಗೆ ಮೂರನೆಯದೂ ಹೊಟ್ಟೆ ಸೇರುತ್ತಿತ್ತು. ಎಲ್ಲರ ಮಾತಿಗೂ "ತೋರಿಸಿ" ಅನ್ನುವ ನಾನು, ನನ್ನ ನೆನಪನ್ನು ಮಾತ್ರ ಒಮ್ಮೆಯೂ ಹಾಗೆ ಕೇಳಿರಲಿಲ್ಲ.

ಚಿಕಿತ್ಸೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೊಬೈಲಿನಲ್ಲಿ ಅಲಾರಾಂ ಇದೆ. ಅದು ಹೊಡೆದ ಮೇಲೂ, ಸೂಜಿ ಕೂರಿಸುವ ಮುನ್ನ ಒಂದು ಮಾತು ಕೂಗಿ ಕೇಳುತ್ತೇನೆ.

"ಅಮ್ಮಾ, ಇವತ್ತು ಯಾರ ಸ್ತೋತ್ರ?"

"ಹನುಮಪ್ಪಂದು. ಚುಚ್ಚಿಕೋ."