ಅತ್ತೆ ಸಾಕಿದ ಬೂಷ್ಟು

ನಮ್ಮತ್ತೆಯ ಉಗುರಿನ ಸಂದಿಯಲ್ಲಿ ಸದಾ ಹಸಿರು ಪುಡಿ ಅಂಟಿರುತ್ತಿತ್ತು. ಮದುವೆಯಾಗಿ ಯಸಳೂರಿನ ಹತ್ತಿರದ ಆ ತೋಟದ ಮನೆಗೆ ಬಂದ ಹೊಸತರಲ್ಲಿ, ಅದೇ ಕೈಯಿಂದ ಕಡುಬು ಬಡಿಸುತ್ತಾರಲ್ಲಪ್ಪಾ ಎಂದು ನನಗೆ ದಿಗಿಲು. ಪಾಪ, ಸೀಗೆಪುಡಿ ಹಾಕಿ ತಿಕ್ಕಿ ತೊಳೆದೇ ಅಡುಗೆಮನೆಗೆ ಬರುತ್ತಿದ್ದರು. ಬಣ್ಣ ಮಾತ್ರ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಕಾಫಿ ತೋಟದ ಹೆಂಗಸರಿಗೆಲ್ಲ ಆಂಥೂರಿಯಂ ಹೂವಿನ ಹುಚ್ಚು ಹಿಡಿದಿದ್ದ ಕಾಲ. ಅತ್ತೆಯೂ ಮನೆಯ ಹಿಂದೆ ನೆರಳುಬಲೆಯ ಶೆಡ್ ಹಾಕಿಸಿ, ಕುಂಡಗಳಿಗೆ ಮಣ್ಣಿನ ಬದಲು ತೆಂಗಿನ ಸಿಪ್ಪೆಯ ಚೂರು, ಇದ್ದಿಲು ತುಂಬಿ ಗಿಡ ನೆಟ್ಟಿದ್ದರು.

"ಮಣ್ಣಿಲ್ದೆ ಗಿಡ ಬೆಳೀತಾಳಂತೆ. ಇನ್ನೇನು, ಒಲೆ ಇಲ್ದೆ ಅನ್ನನೂ ಮಾಡ್ತಾಳೆ ನೋಡ್ತಿರು," ಎಂದು ಮಾವ ಕಿಚಾಯಿಸುತ್ತಿದ್ದರು. ನಾನು ಬರುವಷ್ಟರಲ್ಲಿ ಎರಡು ಮಳೆಗಾಲ ಬೇರು ಕೊಳೆತು ಗಿಡ ಹೋಗಿದ್ದವು. ಮತ್ತೆ ಕೊಳೆತರೆ ಶೆಡ್ಡನ್ನು ಮೆಣಸಿನ ಬಳ್ಳಿಯ ನರ್ಸರಿಗೆ ಬಿಟ್ಟುಕೊಡಬೇಕೆಂದು ಮಾವ ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ಮನೆಯಲ್ಲಿ ಅತ್ತೆಗೆ ತನ್ನದು ಅಂತ ಇದ್ದದ್ದು ಅದೊಂದೇ.

ಯಾವುದೋ ತರಬೇತಿಗೆ ಹೋದಾಗ ಆಕೆ ಟ್ರೈಕೋಡರ್ಮಾ ಪುಡಿಯ ಪೊಟ್ಟಣ ತಂದರು. ಬೇರು ಕೊಳೆಸುವ ಶಿಲೀಂಧ್ರವನ್ನು ತಿಂದುಹಾಕುವ ಒಳ್ಳೆಯ ಶಿಲೀಂಧ್ರವಂತೆ. ತೆಂಗಿನ ನಾರಿನ ಪುಡಿಗೆ ಬೆಲ್ಲದ ನೀರು ಚಿಮುಕಿಸಿ, ಇದನ್ನು ಬೆರೆಸಿ, ಒದ್ದೆ ಗೋಣಿ ಹೊದಿಸಿ ಸ್ಟೋರಿನ ಮೂಲೆಯಲ್ಲಿಡುತ್ತಿದ್ದರು. ಹಸಿರು ಬೂಷ್ಟು ಹಿಡಿದ ಮೇಲೆ ಕುಂಡಗಳಿಗೆ ಹಾಕುವುದು.

"ಉಪ್ಪಿನಕಾಯಿಗೆ ಬೂಷ್ಟು ಬಂದ್ರೆ ಜೀವ ಬಿಡ್ತೀವಿ. ಇದಕ್ಕೆ ಬರ್ಲಿ ಅಂತ ಹರಕೆ ಹೊತ್ತಿದೀನಿ ನೋಡೇ ಮಾರಾಯ್ತಿ!"

ಆ ವರ್ಷ ಗಿಡಗಳು ಚೆನ್ನಾಗಿ ಬೇರು ಹಿಡಿದವು. ಮಳೆ ಶುರುವಾಗುವ ಮುಂಚೆ ಕಾಫಿಗೆ ಬೋರ್ಡೋ ದ್ರಾವಣ ಹೊಡೆಸುವ ದಿನ ಅತ್ತೆ, ನಾನು ಮಗ್ಗೆಯಲ್ಲಿದ್ದ ಅವರ ತವರಿಗೆ ಹೋಗಿದ್ದೆವು. ಸಂಜೆ ಬಂದು ನೋಡಿದರೆ ಕುಂಡದ ಸಿಪ್ಪೆಯೆಲ್ಲ ತಿಳಿನೀಲಿ. ಮಾವ ಜಗಲಿಯಿಂದಲೇ ಕೂಗಿದರು:

"ಡ್ರಮ್ಮಲ್ಲಿ ಮಿಕ್ಕಿತ್ತು ಕಣೇ. ನಾನೇ ನಿಂತು ಎಲ್ಲಾ ಬುಡಕ್ಕೂ ಹುಯ್ಸಿದೀನಿ. ಇನ್ನೆಂಗೆ ಕೊಳೀತೈತೆ ನೋಡಾಣ!"

ನಮ್ಮ ಕಡೆ ಯಾವ ಕೊಳೆಗೂ ಬೋರ್ಡೋ ಒಂದೇ ಮದ್ದು. ಅದರೊಳಗಿನ ಮೈಲುತುತ್ತ ಒಳ್ಳೆಯ ಬೂಷ್ಟನ್ನೂ ಕೊಲ್ಲುತ್ತದೆಂದು ಮಾವನಿಗೇನು ಗೊತ್ತು? ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಹಿಂಡಿದರು. "ಒಳ್ಳೇದಾಯ್ತು ಕಣ್ರೀ," ಎಂದು ಗಟ್ಟಿಯಾಗಿ ಹೇಳಿ, ಮೆಲ್ಲಗೆ ನನ್ನ ಕಡೆ ತಿರುಗಿದರು. "ಇವತ್ತೇ ಮೊದ್ಲು ಕಣೇ ಅವರು ಈ ಶೆಡ್ ಒಳಕ್ಕೆ ಕಾಲಿಟ್ಟಿರೋದು. ಬೂಷ್ಟು ಮತ್ತೆ ಬೆಳಸ್ಬೋದು."

ಇಬ್ಬರೂ ಕೂತು ಹಳೆಯ ಸಿಪ್ಪೆ ತೆಗೆದು ಹೊಸದು ತುಂಬಿದೆವು. ಮತ್ತೆ ಬೆಲ್ಲದ ನೀರು, ಮತ್ತೆ ಗೋಣಿ. ಅರ್ಧ ಗಿಡ ಸತ್ತವು, ಅರ್ಧ ಹೂ ಬಿಟ್ಟವು, ಶೆಡ್ ಉಳಿಯಿತು. ಮನೆಗೆ ಬಂದವರಿಗೆಲ್ಲ ಹೂ ತೋರಿಸಿ ಮಾವ, "ಎಲ್ಲಾ ನನ್ನ ಬೋರ್ಡೋ ಮಹಿಮೆ," ಎನ್ನುವರು. ಅತ್ತೆ ಕಾಫಿ ಲೋಟ ಇಡುತ್ತಾ, "ಹೌದು ಕಣ್ರೀ," ಎನ್ನುವರು. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ವರ್ಷಗಟ್ಟಲೆ ಇದೇ ನಡೆಯಿತು.

ಅತ್ತೆ ತೀರಿಕೊಂಡ ವರ್ಷ, ಬೋರ್ಡೋ ದಿನ ಮಾವ ತೋಟದಲ್ಲಿ ಕಾಣಲಿಲ್ಲ. ನೋಡಿದರೆ ಶೆಡ್ಡಿನ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಡ್ರಮ್ಮು ತಂದ ಆಳುಗಳಿಗೆ, "ಇಲ್ಲಿ ಬ್ಯಾಡ ಕಣ್ರೋ, ಅವಳ ಬೂಷ್ಟು ಸತ್ತೋಯ್ತದೆ," ಎನ್ನುತ್ತಿದ್ದರು.

"ನಿಮಗೆ ಗೊತ್ತಿತ್ತಾ ಮಾವ?"

"ಆ ವರ್ಸವೇ ತೋಟದ ಲೆಕ್ಕ ಬರಿಯೋ ರೈಟರ್ ಹೇಳಿದ್ದ ಕಣಮ್ಮ," ಎಂದು ಕಣ್ಣೊರೆಸಿಕೊಂಡರು. "ಅವಳು 'ಹೌದು ಕಣ್ರೀ' ಅಂತಿದ್ಲಲ್ಲ, ಅದ ಕೇಳಕ್ಕೇ ಬೋರ್ಡೋ ಮಹಿಮೆ ಅಂತಿದ್ದೆ."