ಕೂರಿಸಿದರೋ, ಮಲಗಿಸಿದರೋ

ಸೋಗಾನೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವ್ವ ನನ್ನ ಕೈಗೆ ವಿಭೂತಿಯ ಗಟ್ಟಿಯೊಂದನ್ನು ಕೊಟ್ಟು ಹೇಳಿದಳು: "ಅವಳನ್ನ ಕೂರ್ಸಿದ್ರಾ, ಮಲಗ್ಸಿದ್ರಾ, ಕೇಳ್ಕೊಂಡು ಬಾ ಮಾರಾಯ್ತಿ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡ."

ಅವಳೆಂದರೆ ನನ್ನ ತಂಗಿ. ಮೆಕ್ಸಿಕೋ ದೇಶದ ಬೆಟ್ಟಗಳ ನಡುವಿನ ಸಾನ್ ಕ್ರಿಸ್ತೋಬಾಲ್ ಎಂಬ ತಂಪು ನಗರದಲ್ಲಿ, ಅಲ್ಲಿಯವನೇ ಆದ ಬಡಗಿಯೊಬ್ಬನನ್ನು ಮದುವೆಯಾಗಿ ಬಹುಕಾಲದಿಂದ ನೆಲೆಸಿದ್ದವಳು. ಜ್ವರ ಬಂದು ತೀರಿಕೊಂಡಳು. ನನಗೆ ವೀಸಾ ದೊರೆಯುವ ವೇಳೆಗೆ ಅವಳನ್ನು ಮಣ್ಣು ಮಾಡಿ ತಿಂಗಳುಗಳೇ ಕಳೆದಿದ್ದವು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಪತ್ರೆಗಳೊಡನೆ ಸಮಾಧಿ ಮಾಡುತ್ತೇವೆ. ಭದ್ರಾವತಿಯಲ್ಲಿ ಅಪ್ಪನಿಗೆ ಹಾಗೆಯೇ ಮಾಡಿದ್ದೆವು. ಮಗಳಿಗೂ ಅದು ದೊರೆಯಿತೇ ಎಂಬುದಷ್ಟೇ ಅವ್ವನಿಗೆ ತಿಳಿಯಬೇಕಿತ್ತು.

ನಾನು ತಲುಪಿದಾಗ ಆ ಊರಿನ್ನೂ ಮಂಜಿನೊಳಗಿತ್ತು. ಹೆಂಚಿನ ಸಾಲುಮನೆಗಳು, ಕಲ್ಲು ಹಾಸಿದ ಬೀದಿಗಳು, ಎಲ್ಲೆಲ್ಲೂ ಸೌದೆಯ ಹೊಗೆ. ಸ್ವೆಟರಿನ ಮೇಲೆ ಶಾಲು ಹೊದ್ದರೂ ನಡುಕ ನಿಲ್ಲಲಿಲ್ಲ. ಬಸ್ ನಿಲ್ದಾಣದಲ್ಲಿ ಕಾದಿದ್ದ ತಂಗಿಯ ಗಂಡ, ತನಗೆ ಬರುವ ಒಂದೇ ಕನ್ನಡ ವಾಕ್ಯವನ್ನು ಒಪ್ಪಿಸಿದ: "ಅಕ್ಕ, ಊಟ ಆಯ್ತಾ?" ಆಗಿನ್ನೂ ಬೆಳಕು ಹರಿಯುತ್ತಿತ್ತು. ನಗಲು ಹೋಗಿ ಅತ್ತುಬಿಟ್ಟೆ.

ಅವನ ಮರಗೆಲಸದ ಕೋಣೆಯಲ್ಲಿ, ಹಲಗೆಗಳ ಹಿಂದೆ, ಎದೆಯೆತ್ತರದ ಚೌಕಾಕಾರದ ಪೆಟ್ಟಿಗೆಯೊಂದಿತ್ತು. ಒಳಗೋಡೆಗಳನ್ನೂ ನುಣುಪಾಗಿ ಉಜ್ಜಿದ್ದ. ಅದೇನೆಂದು ಕೇಳಿದೆ. ತಡವರಿಸುವ ಇಂಗ್ಲಿಷಿನಲ್ಲಿ ವಿವರಿಸಿದ: ತನ್ನನ್ನು ಕೂರಿಸಬೇಕೆಂದು ಅವಳು ಕೇಳಿಕೊಂಡಿದ್ದಳಂತೆ. ಅವಳು ಹೋದ ದಿನವೇ ಇದನ್ನು ಮಾಡಿದನಂತೆ. ಸ್ಮಶಾನದವರು ಅಷ್ಟು ಆಳ ಅಗೆಯಲು ಒಪ್ಪದಿದ್ದುದರಿಂದ ಉದ್ದನೆಯ ಇನ್ನೊಂದು ಪೆಟ್ಟಿಗೆ ಮಾಡಬೇಕಾಯಿತಂತೆ. ಲಿಂಗ ಕೈಯಲ್ಲೇ ಇದೆ ಎಂದು ತನ್ನ ಮುಷ್ಟಿಯನ್ನು ಮುಚ್ಚಿ ತೋರಿಸಿದ. ಈ ಪೆಟ್ಟಿಗೆಯನ್ನು ಒಡೆಯಲು ಅವನಿಗೆ ಮನಸ್ಸಾಗಿರಲಿಲ್ಲ.

ಸಮಾಧಿಯ ಮೇಲೆ ಅವನು ಅಲ್ಲಿನ ರೂಢಿಯಂತೆ ಹಸಿ ಪೈನ್ ಎಲೆಗಳನ್ನು ಹರಡಿದ. ಅವುಗಳ ಮೇಲೆ ನಾನು ವಿಭೂತಿಯನ್ನು ಪುಡಿಮಾಡಿ ಉದುರಿಸಿದೆ. ಅಲ್ಲಿಂದಲೇ ಆಲ್ಕೊಳದ ನಮ್ಮ ಮನೆಗೆ, ಅವ್ವನಿಗೆ ಫೋನ್ ಮಾಡಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮೃದುವಾದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಮಲಗ್ಸಿದಾರೆ ಅವ್ವ," ಎಂದೆ. ಆ ಚೌಕ ಪೆಟ್ಟಿಗೆಯ ವಿಷಯವನ್ನೂ ಹೇಳಿದೆ.

ಆ ಕಡೆ ಅವ್ವ ಟಿವಿಯ ಸದ್ದು ತಗ್ಗಿಸಿದಳು.

"ಕೂತಲ್ಲಿ ಕೂರೋ ಹುಡುಗಿ ಆಗಿದ್ರೆ ಅಷ್ಟು ದೂರ ಯಾಕೆ ಹೋಗ್ತಿತ್ತು ಕಣೆ? ಮಲಗ್ಲಿ ಬಿಡು," ಎಂದಳು ಅವ್ವ. ಆಮೇಲೆ, "ಅವ್ನು ಅಲ್ಲೇ ಇದಾನಾ? ಫೋನ್ ಕೊಡು," ಎಂದಳು.

ಅವನ ಭಾಷೆ ಅವ್ವನಿಗೆ ಬಾರದು, ಅವ್ವನ ಭಾಷೆ ಅವನಿಗೆ ಬಾರದು. ಆದರೂ ಕೊಟ್ಟೆ. ಸಾವಿನ ಸುದ್ದಿ ಬಂದಂದಿನಿಂದ ನನ್ನೆದುರು ಒಮ್ಮೆಯೂ ಅಳದಿದ್ದ ಅವ್ವ ಅಳುತ್ತಿರುವುದು ನಾನು ನಿಂತಲ್ಲಿಗೂ ಕೇಳಿಸಿತು. ಅವನು ತಲೆ ತಗ್ಗಿಸಿಕೊಂಡು, ಎಲ್ಲವೂ ಅರ್ಥವಾದವನಂತೆ, "ಹೂಂ, ಹೂಂ" ಎನ್ನುತ್ತಿದ್ದ.